ನಾಲ್ಕು ಫೋನು, ಒಂದು ಮಳೆಗಾಲ: ಎಸ್24, ಪಿಕ್ಸೆಲ್ 8ಎ, ವನ್‌ಪ್ಲಸ್ 12ಆರ್, ಎ55 ಬಳಸಿ ಗೊತ್ತಿದ್ದವರು ಹೇಳಿ

ಡೊಂಬಿವಲಿ ಈಸ್ಟ್

ಎಲ್ಲರಿಗೂ ನಮಸ್ಕಾರ. ಗ್ಯಾಲಕ್ಸಿ ಎಸ್24, ಪಿಕ್ಸೆಲ್ 8ಎ, ವನ್‌ಪ್ಲಸ್ 12ಆರ್, ಗ್ಯಾಲಕ್ಸಿ ಎ55, ಈ ನಾಲ್ಕರಲ್ಲಿ ಒಂದನ್ನು ತಗೊಳ್ಳಬೇಕು. ನಾಲ್ಕೂ 2024ರಲ್ಲಿ ಬಂದ ಫೋನು. ಸೀಲ್ ಒಡೆಯದ್ದು ಎಲ್ಲಾದರೂ ಉಳಿದಿದ್ದರೆ ಅದು, ಇಲ್ಲವಾದರೆ ಬಿಲ್ ಇರುವ ಸೆಕೆಂಡ್ ಹ್ಯಾಂಡ್. ಬಂದಾಗ 8 ಜಿಬಿ ರ‍್ಯಾಮ್, 128 ಜಿಬಿ ಸ್ಟೋರೇಜಿನ ಬೆಲೆ ಹೀಗಿತ್ತು: ಎಸ್24 ₹74,999, 8ಎ ₹52,999, 12ಆರ್ ಮತ್ತು ಎ55 ಎರಡೂ ₹39,999. ಈಗ ಅಂತರ ಬಹಳ ಕಡಿಮೆಯಾಗಿದೆ, ಅದಕ್ಕೇ ಗೊಂದಲ.

ಬಳಕೆ ಇಷ್ಟು: ದಿನಾ ಡೊಂಬಿವಲಿಯಿಂದ ಮುಂಬೈನ ಸಿಎಸ್‌ಎಂಟಿ ನಿಲ್ದಾಣಕ್ಕೆ ಲೋಕಲ್ ರೈಲು, ಪಾಸು ಟಿಕೆಟ್ಟು ಎಲ್ಲ ಫೋನಿನಲ್ಲೇ, ಯುಪಿಐ, ಆಗಾಗ ಪುಣೆಯಲ್ಲಿ ಸ್ಕೂಟರ್ ಮೇಲೆ ಮ್ಯಾಪು. ಗೇಮ್ ಇಲ್ಲ. ನಾಲ್ಕು ವರ್ಷ ತಾಳಬೇಕು. ಯೂಟ್ಯೂಬಿನ ಸ್ಕೋರು, ಆಂಟುಟು ಆ್ಯಪಿನ ವೇಗದ ಅಂಕಿ ಬೇಡ. ಸಿಗ್ನಲ್, ಬಿಸಿ, ಮಳೆ, ರಿಪೇರಿ, ಈ ನಾಲ್ಕರ ಬಗ್ಗೆ ತಿಳಿದವರು ಬರೆದರೆ ಉಪಕಾರ.

ಮುಲುಂಡ್ ವೆಸ್ಟ್

ಲೋಕಲ್‌ನಲ್ಲಿ ಓಡಾಡುವವರು ಪ್ರೊಸೆಸರ್‌ಗಿಂತ ಮೊದಲು ಮೋಡೆಮ್, ಅಂದರೆ ಟವರಿನ ಜೊತೆ ಮಾತಾಡುವ ಚಿಪ್, ನೋಡ್ಬೇಕು ಮಾರಾಯ್ರೆ. ಗಾಡಿ ಓಡುವಾಗ ಫೋನು ಒಂದು ಟವರಿನಿಂದ ಇನ್ನೊಂದಕ್ಕೆ ಹಾರ್ತಾ ಇರ್ತದೆ. ಬೋಗಿಯ ಕಬ್ಬಿಣದೊಳಗೆ ಸಿಗ್ನಲ್ ಅರ್ಧ ಸತ್ತಿರ್ತದೆ. ಆಗ ಫೋನಿನ ರೇಡಿಯೋ ತನ್ನ ಶಕ್ತಿ ಏರಿಸಿ ಕೂಗ್ಬೇಕಾಗ್ತದೆ. ಪರದೆ ಆಫ್ ಇದ್ದರೂ ಜೇಬಿನಲ್ಲಿ ಬಿಸಿಯಾಗುವುದು, ಬ್ಯಾಟರಿ ಇಳಿಯುವುದು ಅದರಿಂದಲೇ.

12ಆರ್‌ನಲ್ಲಿ ಸ್ನ್ಯಾಪ್‌ಡ್ರ್ಯಾಗನ್ 8 ಜೆನ್ 2 ಉಂಟು, ಜೊತೆಗೆ ಎಕ್ಸ್70 ಮೋಡೆಮ್, ಚಿಪ್ ಮಾಡಿದ್ದು ತೈವಾನಿನ ಟಿಎಸ್‌ಎಂಸಿ ಕಂಪನಿ. ಪಿಕ್ಸೆಲ್ 8ಎಯಲ್ಲಿ ಟೆನ್ಸರ್ ಜಿ3, ಅದರ ಜೊತೆ ಎಕ್ಸಿನೋಸ್ 5300 ಮೋಡೆಮ್. ನಾಲ್ಕರಲ್ಲಿ ಸಿಗ್ನಲ್ ಕಡಿಮೆಯಾದ ಕೂಡಲೇ ಹೆಚ್ಚು ಬಿಸಿಯಾಗುವುದು ಈ 8ಎ. ಭಾರತದಲ್ಲಿ ಮೊದಲು ಮಾರಿದ ಎಸ್24ರಲ್ಲಿ ಎಕ್ಸಿನೋಸ್ 2400, ಎ55ರಲ್ಲಿ ಎಕ್ಸಿನೋಸ್ 1480. ಇವೆರಡೂ ನಡುವೆ ನಿಲ್ತವೆ. ಬ್ಯಾಟರಿ ಲೆಕ್ಕ: 12ಆರ್ 5500 ಎಂಎಎಚ್, ಎ55 5000, 8ಎ 4492, ಎಸ್24 ಬರೀ 4000. ಬೆಳಿಗ್ಗೆ ಏಳಕ್ಕೆ ಹೊರಟು ರಾತ್ರಿ ಒಂಬತ್ತಕ್ಕೆ ಮನೆ ಸೇರುವವರಿಗೆ 4000 ಬಿಗಿ. ಫೋನು ಸತ್ತರೆ ಪಾಸೂ ಇಲ್ಲ. ಟಿಸಿ ಎದುರು ಅದಕ್ಕೆ ಬೇರೆ ಉತ್ತರವೂ ಇಲ್ಲ.

ಇನ್ನು ಸಿಮ್ ಯಾವುದು ಎಂಬುದೂ ಮುಖ್ಯ. ಜಿಯೋದ 5ಜಿ ಸ್ಟ್ಯಾಂಡ್‌ಅಲೋನ್, 4ಜಿಯ ಆಸರೆ ಬೇಡ, 700 ಮೆಗಾಹರ್ಟ್ಸ್‌ನ ಎನ್28 ಬ್ಯಾಂಡ್ ಗೋಡೆ ದಾಟಿ ಒಳಗೆ ಬರ್ತದೆ. ಏರ್‌ಟೆಲ್‌ನ ಮೊಬೈಲ್ 5ಜಿ ಹೆಚ್ಚಾಗಿ 4ಜಿಯನ್ನು ಕಟ್ಟಿಕೊಂಡೇ ನಡೆಯುವಂಥದ್ದು, ಅಂದರೆ ಎರಡು ರೇಡಿಯೋ ಒಟ್ಟಿಗೆ ಎಚ್ಚರ ಇರ್ಬೇಕು. ಹಾಗಾಗಿ ಒಂದೇ ಫೋನು ಎರಡು ಸಿಮ್‌ನಲ್ಲಿ ಎರಡು ತರ ಬ್ಯಾಟರಿ ಕೊಡ್ತದೆ. ಸ್ನೇಹಿತರ ಮಾತು ಕೇಳುವ ಮೊದಲು ಅವರ ಸಿಮ್ ಯಾವುದು ಕೇಳಿ.

ಪ್ರಯಾಣದ ಹೊತ್ತಿಗೆ ಮಾತ್ರ 4ಜಿಗೆ ಇಳಿಸಿದರೆ ವ್ಯತ್ಯಾಸ ಕಣ್ಣಿಗೇ ಕಾಣ್ತದೆ. ಪಿಕ್ಸೆಲ್‌ನಲ್ಲಿ ಸೆಟ್ಟಿಂಗ್ಸ್, ನೆಟ್‌ವರ್ಕ್ ಅಂಡ್ ಇಂಟರ್ನೆಟ್, ಸಿಮ್ಸ್, ಪ್ರಿಫರ್ಡ್ ನೆಟ್‌ವರ್ಕ್ ಟೈಪ್, ಅಲ್ಲಿ ಎಲ್‌ಟಿಇ. ಸ್ಯಾಮ್‌ಸಂಗ್‌ನಲ್ಲಿ ಕನೆಕ್ಷನ್ಸ್, ಮೊಬೈಲ್ ನೆಟ್‌ವರ್ಕ್ಸ್, ನೆಟ್‌ವರ್ಕ್ ಮೋಡ್. ಎರಡನೇ ಸಿಮ್ ಬರೀ ಒಟಿಪಿಗೆ ಇದ್ದರೆ ಅದನ್ನು ಖಾಯಂ 4ಜಿಯಲ್ಲೇ ಬಿಡಿ.

ಪಿಂಪ್ರಿ ಪಾಳಿ

ಮುಲುಂಡ್ ಅಣ್ಣಾರು ಹೇಳಿದ್ದು ಖರೆ ಅದ. ಆದ್ರ ಬ್ಯಾಟರಿ ಎಷ್ಟು ದೊಡ್ಡದು ಅನ್ನೋದಕ್ಕಿಂತ ಎಷ್ಟು ಲಗೂ ತುಂಬ್ತದ ಅನ್ನೋದೂ ನೋಡ್ರಿ. ಪಾಳಿ ಮೇಲೆ ಕೆಲಸ ಮಾಡೋ ಮಂದಿಗೆ ಚಹಾ ಸುಟ್ಟಿಯ ಹದಿನೈದು ನಿಮಿಷನೇ ಸಿಗೋದು.

12ಆರ್ 100 ವ್ಯಾಟ್, ಚಾರ್ಜರ್ ಡಬ್ಬಿಯೊಳಗೇ ಬರ್ತದ. ಪೂರ್ತಿ ತುಂಬಲಿಕ್ಕೆ ಕಂಪನಿ ಹೇಳೋದು 26 ನಿಮಿಷ. ಅದರೊಳಗ 2750ರ ಎರಡು ಸೆಲ್ ಸರಣಿಯೊಳಗ ಅವ, ಚಾರ್ಜರ್ 11 ವೋಲ್ಟಿಗೆ 9.1 ಆಂಪಿಯರ್ ಕೊಡ್ತದ. ಅಷ್ಟು ಕರೆಂಟು ಹೊರಬೇಕಂದ್ರ ಕೇಬಲ್ಲೂ ಅದೇ ಕೆಂಪು ಕೇಬಲ್ ಬೇಕು. ಬ್ಯಾರೆ ಕೇಬಲ್ ಹಚ್ಚಿದ್ರ ಫೋನು ಗುರುತು ಹಿಡೀದೆ ನಿಧಾನಕ್ಕ ಇಳೀತದ. ಪುಣೆಯ ತಪ್ಕೀರ್ ಗಲ್ಲಿಯೊಳಗ ನೂರು ರೂಪಾಯಿಗೆ ಸಿಗೋ ಕೆಂಪು ಕೇಬಲ್ ಬಣ್ಣದಾಗಷ್ಟೇ ಹೋಲ್ತಾವ. ಪರದೆ ಮೇಲೆ ಸೂಪರ್‌ವೂಕ್ (ವನ್‌ಪ್ಲಸ್‌ನ ಲಗೂ ಚಾರ್ಜಿಂಗಿನ ಹೆಸರು) ಅಂತ ಬರ್ತದೋ ಇಲ್ಲೋ ಅಂಗಡಿಯೊಳಗೇ ಹಚ್ಚಿ ನೋಡ್ರಿ.

ಎಸ್24, ಎ55 ಎರಡೂ 25 ವ್ಯಾಟ್, ಡಬ್ಬಿಯೊಳಗ ಚಾರ್ಜರ್ ಇಲ್ಲ. ಇಲ್ಲಿ ಮಂದಿ ಮೋಸ ಹೋಗೋದು ಹಿಂಗ: 65 ವ್ಯಾಟಿನ ಚಾರ್ಜರ್ ತರ್ತಾರ, ಆದ್ರ ಅದರಾಗ ಪಿಪಿಎಸ್, ಅಂದ್ರ ಫೋನು ಕೇಳಿದಷ್ಟೇ ವೋಲ್ಟ್ ಏರಿಸಿ ಇಳಿಸೋ ವ್ಯವಸ್ಥೆ, ಇರಂಗಿಲ್ಲ. ಸ್ಯಾಮ್‌ಸಂಗಿಗೆ ಪಿಪಿಎಸ್ ಇದ್ರನೇ 25 ವ್ಯಾಟ್. ಇಲ್ಲಂದ್ರ ‘ಸೂಪರ್ ಫಾಸ್ಟ್ ಚಾರ್ಜಿಂಗ್’ ಬದ್ಲಿ ಬರೇ ‘ಫಾಸ್ಟ್ ಚಾರ್ಜಿಂಗ್’ ಅಂತ ತೋರಿಸಿ ಸುಮಾರು 15 ವ್ಯಾಟಿನಾಗ ನಡೀತದ. ಚಾರ್ಜರ್ ಬೆನ್ನ ಮ್ಯಾಲೆ ಸಣ್ಣ ಅಕ್ಷರದಾಗ ಪಿಪಿಎಸ್, ಅದರ ಮುಂದ 3.3ರಿಂದ 11 ವೋಲ್ಟ್ ಅಂತ ಬರೆದಿರಬೇಕು. ಓದಿ ತಗೋರಿ.

8ಎ ಬರೇ 18 ವ್ಯಾಟ್. ಪೂರ್ತಿ ಆಗಲಿಕ್ಕೆ ಒಂದೂವರೆ ತಾಸಿಗೂ ಹೆಚ್ಚು. ಇದಕ್ಕ ಟೈಪ್ ಸಿಯ ಮಾಮೂಲಿ ಪಿಡಿ ಚಾರ್ಜರ್ ಯಾವುದಾದ್ರೂ ನಡೀತದ, ಅದೊಂದು ಸಮಾಧಾನ. ರಾತ್ರಿ ಹಚ್ಚಿ ಮಲಗೋರಿಗೆ ತೊಂದ್ರೆ ಇಲ್ಲ, ನಮ್ಮಂಥ ಪಾಳಿ ಮಂದಿಗೆ ಕೈ ಕೊಡ್ತದ.

ವೈರ್‌ಲೆಸ್ ಎಸ್24ಕ್ಕ 15 ವ್ಯಾಟ್, 8ಎಗೆ 7.5 ವ್ಯಾಟ್ ಅದ. 12ಆರ್‌ಗೂ ಎ55ಕ್ಕೂ ಇಲ್ಲ.

ಲ್ಯಾಮಿಂಗ್ಟನ್ ಬೆಂಚು

ರಿಪೇರಿ ಟೇಬಲ್ಲಿನ ಕಡೆಯಿಂದ ಎರಡು ಮಾತು. ಮುಂಬೈನಲ್ಲಿ ಫೋನು ಸಾಯುವುದು ಮೂರು ದಾರಿಯಲ್ಲಿ: ಡಿಸ್‌ಪ್ಲೇ, ನೀರು, ಚಾರ್ಜಿಂಗ್ ಪೋರ್ಟು. ಪ್ರೊಸೆಸರ್ ನಿಧಾನವಾಯಿತು ಎಂದು ಬರುವವರು ಕಡಿಮೆ.

ಡಿಸ್‌ಪ್ಲೇ. ನಾಲ್ಕೂ ಓಎಲ್‌ಇಡಿ, ಅಂದರೆ ಪ್ರತಿ ಪಿಕ್ಸೆಲ್ಲೂ ತಾನೇ ಬೆಳಗುವ ಪರದೆ. ಓಎಲ್‌ಇಡಿಯಲ್ಲಿ ಹಸಿರು ಗೆರೆ ಎನ್ನುವ ಕಾಯಿಲೆ ಇದೆ, ಮೇಲಿಂದ ಕೆಳಗೆ ಒಂದು ಕೂದಲೆಳೆ ಗೆರೆ ಬಂದು ನಿಲ್ಲುತ್ತದೆ. ಪ್ಯಾನೆಲ್ಲಿನ ಅಂಚಿನಲ್ಲಿ ಡ್ರೈವರ್ ಚಿಪ್ಪಿನಿಂದ ಬರುವ ಅತಿ ಸಣ್ಣ ತಂತಿಗಳ ಬೆಸುಗೆ ಬಿಸಿ ಮತ್ತು ತೇವದಿಂದ ಸಡಿಲವಾದರೆ ಆ ಒಂದು ಕಂಬದ ಪಿಕ್ಸೆಲ್ಲುಗಳು ಹತೋಟಿ ತಪ್ಪುತ್ತವೆ. ದೊಡ್ಡ ಅಪ್‌ಡೇಟ್ ಹಾಕಿದ ಮರುದಿನ ಕಾಣಿಸಿಕೊಂಡಾಗ ಜನ ಅಪ್‌ಡೇಟನ್ನೇ ಬೈಯುತ್ತಾರೆ. ಅಪ್‌ಡೇಟ್ ಹೊತ್ತಿನಲ್ಲಿ ಫೋನು ಅರ್ಧ ಗಂಟೆ ಬಿಸಿಯಾಗಿರುತ್ತದೆ, ಮೊದಲೇ ದುರ್ಬಲವಾಗಿದ್ದ ಬೆಸುಗೆ ಆಗ ಬಿಡುತ್ತದೆ. ಇದಕ್ಕೆ ಹೊರಗಿನ ಅಂಗಡಿಯಲ್ಲಿ ಔಷಧಿ ಇಲ್ಲ, ಇಡೀ ಫೋಲ್ಡರ್, ಅಂದರೆ ಗಾಜು ಸಮೇತ ಪರದೆಯ ಪೂರ್ತಿ ಸೆಟ್, ಬದಲಿಸಬೇಕು. ವನ್‌ಪ್ಲಸ್ 2024ರ ಡಿಸೆಂಬರಿನಲ್ಲಿ ಭಾರತದ ತನ್ನ ಫೋನುಗಳಿಗೆ ಹಸಿರು ಗೆರೆಗೆ ಆಜೀವ ವಾರಂಟಿ ಪ್ರಕಟಿಸಿತು. ಹೊಸ ಪ್ಯಾನೆಲ್ಲುಗಳನ್ನು 85 ಡಿಗ್ರಿ ಬಿಸಿ, ಶೇ. 85 ತೇವದಲ್ಲಿ ಪರೀಕ್ಷಿಸುತ್ತೇವೆ ಎಂದೂ ಹೇಳಿತು. 12ಆರ್ ತಗೊಳ್ಳುವವರಿಗೆ ಇದು ದೊಡ್ಡ ಆಧಾರ. ಆದರೆ ಪರದೆ ಒಡೆದಿದ್ದರೆ, ಹೊರಗೆ ಬಿಚ್ಚಿಸಿದ್ದರೆ ವಾರಂಟಿ ಕೇಳುವುದು ಕಷ್ಟ.

12ಆರ್‌ನ ಪರದೆ ಅಂಚಿನಲ್ಲಿ ಬಾಗಿದೆ, ಮಿಕ್ಕ ಮೂರೂ ಚಪ್ಪಟೆ. ಬಾಗಿದ ಗಾಜಿಗೆ ಸಾಧಾರಣ ಟೆಂಪರ್ಡ್ ಕೂರುವುದಿಲ್ಲ, ಯುವಿ ಅಂಟಿನ ಗಾಜು ಹಾಕುತ್ತಾರೆ. ಆ ಅಂಟು ನೀರಿನಂತೆ ತೆಳು. ಹಾಕುವವನು ಅವಸರ ಮಾಡಿದರೆ ಇಯರ್‌ಪೀಸ್ ಜಾಲರಿಗೆ, ಬಟನ್ ಸಂದಿಗೆ ಇಳಿದು ಗಟ್ಟಿಯಾಗುತ್ತದೆ. ಹಾಕಿಸುವುದೇ ಆದರೆ ಇಯರ್‌ಪೀಸ್ ಮತ್ತು ಬಟನ್‌ಗಳಿಗೆ ಮೊದಲು ಟೇಪ್ ಹಚ್ಚಿಸಿ. ಇಲ್ಲದಿದ್ದರೆ ತೆಳು ಫಿಲ್ಮ್ ಸಾಕು.

ಒಡೆದ ಪರದೆಗೆ ಅಗ್ಗದ ‘ಕಾಂಬೋ’ ಹಾಕಿಸುವ ಮುಂಚೆ ಅದು ಓಎಲ್‌ಇಡಿಯೋ ಎಲ್‌ಸಿಡಿಯೋ ಕೇಳಿ. 8ಎ, 12ಆರ್, ಎ55ರ ಬೆರಳಚ್ಚು ಸೆನ್ಸರ್ ಪರದೆಯ ಬೆಳಕನ್ನು ಬೆರಳಿಗೆ ಬಿಟ್ಟು, ಮರಳಿದ್ದನ್ನು ಪರದೆಯಡಿಯಿಂದ ಓದುವಂಥದ್ದು. ಎಲ್‌ಸಿಡಿ ಕಾಂಬೋ ಕೂರಿಸಿದರೆ ಬೆಳಕು ದಾಟುವುದಿಲ್ಲ, ಬೆರಳಚ್ಚು ಸತ್ತಂತೆಯೇ. ಎಸ್24ರದ್ದು ಅಲ್ಟ್ರಾಸಾನಿಕ್, ಅಂದರೆ ಶಬ್ದದ ಅಲೆ. ಒದ್ದೆ ಬೆರಳಿಗೆ ಅದು ವಾಸಿ. ಆದರೆ ಗಾಜು ಮತ್ತು ಪರದೆಯ ನಡುವೆ ಗಾಳಿ ಉಳಿದರೆ ಓದುವುದೇ ಇಲ್ಲ.

ಡೊಂಬಿವಲಿ ಈಸ್ಟ್

ಬೆಂಚಿನವರೇ, ಧನ್ಯವಾದ. ಎಸ್24 ಐಪಿ68, 8ಎ ಮತ್ತು ಎ55 ಐಪಿ67, 12ಆರ್ ಐಪಿ64 ಎಂದು ಬರೆದಿರುತ್ತಾರೆ. ಜುಲೈ ಮಳೆಗೆ ಇದರಲ್ಲಿ ಎಷ್ಟು ಸಾಕು? ಗೋವಾ ಕಡೆಯವರು ಯಾರಾದರೂ ಇದ್ದೀರಾ?

ವಾಸ್ಕೋ ಬಂದರು

ಇದ್ದೇವೆ. ಮೊದಲು ಆ ಅಂಕಿಯ ಅರ್ಥ. ಮೊದಲ ಅಂಕಿ ಧೂಳಿಗೆ, ಎರಡನೆಯದು ನೀರಿಗೆ. 4 ಅಂದರೆ ಯಾವ ದಿಕ್ಕಿನಿಂದ ಸಿಡಿದ ಹನಿಯನ್ನೂ ತಡೆಯುತ್ತದೆ, ಮುಳುಗಿದರೆ ಇಲ್ಲ. 7 ಅಂದರೆ ಒಂದು ಮೀಟರ್ ಆಳದಲ್ಲಿ 30 ನಿಮಿಷ. 8 ಇನ್ನೂ ಆಳಕ್ಕೆ, ಎಷ್ಟೆಂದು ಕಂಪನಿ ಹೇಳಬೇಕು, ಸ್ಯಾಮ್‌ಸಂಗ್ ಹೇಳುವುದು 1.5 ಮೀಟರ್, 30 ನಿಮಿಷ. ಇದೆಲ್ಲ ಸಿಹಿನೀರಿನಲ್ಲಿ, ಹೊಸ ಫೋನಿನ ಮೇಲೆ ಮಾಡಿದ ಪರೀಕ್ಷೆ. ಸಮುದ್ರದ ನೀರಿಗೆ ಯಾವ ಐಪಿ ಅಂಕಿಯೂ ಮಾತು ಕೊಡುವುದಿಲ್ಲ.

ಮುಂಬೈ ಮಳೆಗೆ, ಅಂದರೆ ಪ್ಲಾಟ್‌ಫಾರ್ಮಿನಲ್ಲಿ ನೆನೆಯುವುದಕ್ಕೆ, ಐಪಿ64 ಸಾಕು. ಕಿಂಗ್ಸ್ ಸರ್ಕಲ್‌ನಂಥ ಕಡೆ ಸೊಂಟಮಟ್ಟದ ನೀರಿನಲ್ಲಿ ನಡೆದು ಪ್ಯಾಂಟಿನ ಜೇಬೇ ಮುಳುಗುತ್ತದೆ ಎಂದಾದರೆ 67 ಬೇಕು. 12ಆರ್‌ಗೆ ಮಳೆಯಲ್ಲಿ ಒಂದು ಉಪಕಾರ ಇದೆ: ಆಕ್ವಾ ಟಚ್. ಪರದೆ ಮೇಲೆ ಹನಿ ಇದ್ದಾಗಲೂ ಬೆರಳು ಎಲ್ಲಿದೆ ಎಂದು ಹನಿಯಿಂದ ಬೇರ್ಪಡಿಸಿ ಓದುತ್ತದೆ. ರಿಕ್ಷಾದವರಿಗೆ ಮಳೆಯಲ್ಲಿ ಯುಪಿಐ ಪಿನ್ ಒತ್ತುವಾಗ ಅದು ನಿಜಕ್ಕೂ ಕೆಲಸಕ್ಕೆ ಬರುತ್ತದೆ.

ಗೋವಾದ ತೊಂದರೆ ಬೇರೆ. ಇಲ್ಲಿ ಹೊಡೆತ ಉಪ್ಪಿನದು. ಟೈಪ್ ಸಿ ಪೋರ್ಟಿನಲ್ಲಿ ವಿದ್ಯುತ್ತಿನ ಪಿನ್ ಪಕ್ಕದಲ್ಲೇ ಸಿಸಿ ಎಂಬ ಪಿನ್ ಇದೆ. ಚಾರ್ಜರನ್ನು ಗುರುತಿಸುವುದೇ ಅದು. ಉಪ್ಪುನೀರು ಕೂತಿರುವಾಗ ಚಾರ್ಜರ್ ಚುಚ್ಚಿದರೆ ಎರಡು ಪಿನ್ ನಡುವೆ ಕರೆಂಟು ಹರಿದು ಲೋಹ ಕರಗುತ್ತದೆ, ಹಸಿರು ಕಿಲುಬು ಹಿಡಿಯುತ್ತದೆ. ಲಕ್ಷಣ ಸ್ಪಷ್ಟ: ಕೇಬಲ್ ಒಂದು ಮಗ್ಗುಲಿಗೆ ಹಾಕಿದರೆ ಚಾರ್ಜ್ ಆಗುತ್ತದೆ, ತಿರುಗಿಸಿ ಹಾಕಿದರೆ ಆಗುವುದಿಲ್ಲ. ಆ ಹಂತದಲ್ಲೇ ತೋರಿಸಿ, ಎರಡೂ ಮಗ್ಗುಲು ಸಾಯುವ ತನಕ ಕಾಯಬೇಡಿ.

ಬೀಚಿನಲ್ಲಿ ಫೋನು ಉಪ್ಪುನೀರಿಗೆ ಬಿದ್ದರೆ:

ತಕ್ಷಣ ಆಫ್ ಮಾಡಿ, ಕವರ್ ತೆಗೆಯಿರಿ, ಸಿಮ್ ಟ್ರೇ ಮುಚ್ಚಿಯೇ ಇರಲಿ. ಐಪಿ67 ಅಥವಾ 68 ಆಗಿದ್ದು ಗಾಜು ಒಡೆಯದಿದ್ದರೆ ಮಾತ್ರ ಕುಡಿಯುವ ನೀರನ್ನು ಮೆಲ್ಲಗೆ ಪೋರ್ಟಿನ ಮೇಲೆ ಹುಯ್ದು ಉಪ್ಪು ತೊಳೆಯಿರಿ. ನಲ್ಲಿಯ ರಭಸಕ್ಕೆ ಹಿಡಿಯಬೇಡಿ. ಪೋರ್ಟ್ ಕೆಳಮುಖ ಮಾಡಿ ಅಂಗೈಗೆ ತಟ್ಟಿ ನೀರು ಇಳಿಸಿ, ಫ್ಯಾನ್ ಗಾಳಿಯಲ್ಲಿ ಇಡಿ. ಅಕ್ಕಿ ಡಬ್ಬ ಬೇಡ, ಅದರ ಹಿಟ್ಟು, ಧೂಳು ಪೋರ್ಟಿಗೆ ಹೋಗಿ ಕೂರುತ್ತದೆ. ಹೇರ್ ಡ್ರೈಯರ್ ಬಿಸಿ ಸೀಲಿನ ಅಂಟನ್ನು ಮೆತ್ತಗೆ ಮಾಡುತ್ತದೆ, ಅದೂ ಬೇಡ. ಪೂರ್ತಿ ಒಣಗುವ ತನಕ ಕೇಬಲ್ ಚುಚ್ಚಬಾರದು. ಎಸ್24, 8ಎ ಇದ್ದರೆ ಹೊರಮೈ ಒರೆಸಿ ವೈರ್‌ಲೆಸ್ ಪ್ಯಾಡಿನ ಮೇಲಿಡಬಹುದು, ಗೋವಾದ ಮಳೆಗಾಲಕ್ಕೆ ಅದೊಂದೇ ಕಾರಣಕ್ಕೆ ಈ ಎರಡು ಮೇಲು.

ಸ್ಯಾಮ್‌ಸಂಗ್‌ನಲ್ಲಿ ಒಣಗಿದ ಮೇಲೂ ನೀರಹನಿಯ ಗುರುತು ಹೋಗದಿದ್ದರೆ ಸೆಟ್ಟಿಂಗ್ಸ್, ಆ್ಯಪ್ಸ್, ಸಿಸ್ಟಮ್ ಆ್ಯಪ್ಸ್ ತೋರಿಸು, ಯುಎಸ್‌ಬಿ ಸೆಟ್ಟಿಂಗ್ಸ್, ಸ್ಟೋರೇಜ್, ಕ್ಲಿಯರ್ ಕ್ಯಾಶ್, ಮತ್ತೆ ರೀಸ್ಟಾರ್ಟ್. ಒಂದು ದಿನ ಒಣಗಿಸಿದ ಮೇಲೆ ಮಾತ್ರ ಇದು. ಒದ್ದೆ ಇರುವಾಗಲೇ ಎಚ್ಚರಿಕೆ ಅಳಿಸಿ ಚಾರ್ಜ್ ಮಾಡಿದರೆ ಮೇಲೆ ಹೇಳಿದ ಕಿಲುಬನ್ನು ಕೈಯಾರೆ ಕರೆದಂತೆ.

ಲ್ಯಾಮಿಂಗ್ಟನ್ ಬೆಂಚು

ವಾಸ್ಕೋದವರು ಹೇಳಿದ್ದಕ್ಕೆ ಒಂದು ಸೇರಿಸಬೇಕು. ಬೆನ್ನಿನ ಮುಚ್ಚಳ ಒಮ್ಮೆ ಬಿಚ್ಚಿದ ಫೋನಿಗೆ ಐಪಿ ಇಲ್ಲ ಎಂದೇ ತಿಳಿಯಿರಿ. ಸುತ್ತಲಿನ ಅಂಟುಪಟ್ಟಿ ಹೊಸದು ಹಾಕದೆ ಹಳೆಯದನ್ನೇ ಒತ್ತಿ ಮುಚ್ಚುವುದು ಮಾಮೂಲು. ಬ್ಯಾಟರಿ ಬದಲಿಸುವಾಗ ಆ ಮಾಡೆಲ್ಲಿಗೆಂದೇ ಕತ್ತರಿಸಿ ಬರುವ ಹೊಸ ಪಟ್ಟಿ ಹಾಕಿಸಿ, ಎದುರಿಗೇ ನೋಡಿ.

ಎಸಿ ಲೋಕಲ್‌ನಿಂದ ಇಳಿದ ಕೂಡಲೇ ಕ್ಯಾಮೆರಾ ಮಬ್ಬಾದರೆ ಹೆದರಬೇಕಿಲ್ಲ, ತಣ್ಣನೆ ಗಾಜಿನ ಮೇಲೆ ಹೊರಗಿನ ತೇವ ಕೂತಿರುತ್ತದೆ. ಬಟ್ಟೆಯಿಂದ ಒರೆಸಿದರೆ ಹೋಗಬೇಕು. ಒರೆಸಿದರೂ ಹೋಗದೆ ಒಳಗೇ ಮಂಜು ಕಂಡರೆ ಸೀಲ್ ಬಿಟ್ಟಿದೆ ಎಂದರ್ಥ.

ಕೋಥ್ರೂಡ್ ಸ್ಕೂಟರ್

ಪುಣೆಯ ಪಾಲು ಯಾರೂ ಬರೆದಿಲ್ಲ, ಬರೆಯುತ್ತೇನೆ. ಹ್ಯಾಂಡಲ್ಲಿಗೆ ಫೋನು ಸಿಕ್ಕಿಸಿ ಮ್ಯಾಪು ನೋಡುವವರು ಕ್ಯಾಮೆರಾ ಕಳೆದುಕೊಳ್ಳುತ್ತಾರೆ. ಈ ನಾಲ್ಕರ ಮುಖ್ಯ ಕ್ಯಾಮೆರಾದಲ್ಲೂ ಕೈನಡುಕ ತಡೆಯುವ ಓಐಎಸ್ ಇದೆ. ಅಂದರೆ ಲೆನ್ಸು ಸುರುಳಿ ಮತ್ತು ಅಯಸ್ಕಾಂತದ ಮೇಲೆ ತೇಲುತ್ತಿರುತ್ತದೆ. ಇಂಜಿನ್ನಿನ ಸಣ್ಣ, ಬಿಡದ ನಡುಕ ಆ ತೂಗು ವ್ಯವಸ್ಥೆಯನ್ನು ತಿಂಗಳುಗಟ್ಟಲೆ ತಿನ್ನುತ್ತದೆ. ಫೋಟೋ ತೆರೆದಾಗ ಚಿತ್ರ ಗಡಗಡ ನಡುಗುವುದು, ಫೋಕಸ್ ಹುಡುಕುತ್ತಲೇ ಇರುವುದು, ಇವು ಮೊದಲ ಗುರುತು. ಫೋನು ಅಲ್ಲಾಡಿಸಿದಾಗ ಸಣ್ಣ ಟಕಟಕ ಕೇಳಿದರೆ ಅದು ರೋಗವಲ್ಲ, ಕ್ಯಾಮೆರಾ ಬಂದ್ ಇದ್ದಾಗ ಲೆನ್ಸು ಸಡಿಲ ಇರುವುದು ಸಹಜ.

ರಬ್ಬರ್ ಡ್ಯಾಂಪರ್ ಇರುವ ಮೌಂಟ್ ತಗೊಳ್ಳಿ. ಇನ್ನೂ ಒಳ್ಳೆಯದು, ಒಂದು ಹಳೇ ಫೋನನ್ನೇ ಮ್ಯಾಪಿಗೆ ಮೀಸಲಿಟ್ಟು ಹೊಸದನ್ನು ಜೇಬಲ್ಲಿಡಿ, ಇಯರ್‌ಫೋನಿನ ಒಂದು ಕಿವಿಯಲ್ಲಿ ದಾರಿ ಕೇಳಿಸಿಕೊಳ್ಳಬಹುದು. ಏಪ್ರಿಲ್, ಮೇ ಬಿಸಿಲಿನಲ್ಲಿ ಹ್ಯಾಂಡಲ್ ಮೇಲಿನ ಫೋನು ಇನ್ನೊಂದು ಕಷ್ಟಕ್ಕೆ ಸಿಲುಕುತ್ತದೆ. ಕಂಪನಿಗಳು ಸುತ್ತಲಿನ ಬಿಸಿ 35 ಡಿಗ್ರಿ ಮೀರದಿರಲಿ ಎನ್ನುತ್ತವೆ, ಪುಣೆಯ ಮಧ್ಯಾಹ್ನ ಅದನ್ನು ಸಲೀಸಾಗಿ ದಾಟುತ್ತದೆ. ಮೊದಲು ಪರದೆ ಮಂಕಾಗುತ್ತದೆ, ಆಮೇಲೆ ಚಾರ್ಜಿಂಗ್ ನಿಲ್ಲುತ್ತದೆ. ಅದು ಬ್ಯಾಟರಿ ಉಳಿಸಲು ಫೋನೇ ಮಾಡುವ ಕೆಲಸ, ಕೆಟ್ಟಿದೆ ಎಂದಲ್ಲ. ಕಪ್ಪು ದಪ್ಪ ಕವರ್ ತೆಗೆದು, ಮ್ಯಾಪಿನ ಹೊತ್ತಿಗೆ ಚಾರ್ಜಿಂಗ್ ಬಿಡಿಸಿದರೆ ಅರ್ಧ ಬಿಸಿ ಇಳಿಯುತ್ತದೆ.

ಕ್ಯಾಮೆರಾ ಗುಣ ಮಾತ್ರ ನೋಡಿದರೆ ಚಲಿಸದ ವಸ್ತುವಿಗೆ, ಮನೆಯೊಳಗಿನ ಮಂದ ಬೆಳಕಿಗೆ 8ಎ ಈ ಬೆಲೆಯಲ್ಲಿ ಎಲ್ಲಕ್ಕಿಂತ ಮೇಲೆ. ದೂರದ್ದನ್ನು ಹತ್ತಿರ ತರುವ ಟೆಲಿ ಲೆನ್ಸು ಎಸ್24ರಲ್ಲಿ ಮಾತ್ರ, 3 ಪಟ್ಟು. ನಾಟಕ, ಯಕ್ಷಗಾನವನ್ನು ಹಿಂದಿನ ಸಾಲಿನಿಂದ ತೆಗೆಯುವವರಿಗೆ ಅದಿಲ್ಲದೆ ಆಗದು. 12ಆರ್‌ನ ಮುಖ್ಯ ಕ್ಯಾಮೆರಾ ಚೆನ್ನಾಗಿದೆ, ಅದರ 2 ಮೆಗಾಪಿಕ್ಸೆಲ್ ಮ್ಯಾಕ್ರೋ ಲೆಕ್ಕಕ್ಕಿಲ್ಲ.

ಕನ್ನಡದ ವಿಷಯ. ಸ್ಯಾಮ್‌ಸಂಗ್ ಎಸ್24ರ ಕರೆಯ ನಡುವೆಯೇ ಅನುವಾದ ಮಾಡುವ ಸೌಲಭ್ಯ ಬಂದಾಗ 13 ಭಾಷೆಯಲ್ಲಿತ್ತು, ಹಿಂದಿ ಇತ್ತು, ಕನ್ನಡ ಇರಲಿಲ್ಲ. ಅದನ್ನು ನಂಬಿ ಹೆಚ್ಚು ಹಣ ಕೊಡಬೇಡಿ. ಕನ್ನಡ ಟೈಪಿಂಗ್, ಧ್ವನಿ ಟೈಪಿಂಗ್ ಗೂಗಲ್‌ನ ಜಿಬೋರ್ಡ್ ಕೀಬೋರ್ಡ್ ಹಾಕಿದರೆ ನಾಲ್ಕರಲ್ಲೂ ಒಂದೇ. ಸೊಸೈಟಿಯ ಮರಾಠಿ ನೋಟಿಸು ಓದಲು ಗೂಗಲ್ ಅನುವಾದದ ಕ್ಯಾಮೆರಾ ಸಾಕು, ಅಚ್ಚಿನ ಅಕ್ಷರಕ್ಕೆ ಮರಾಠಿಯಿಂದ ಕನ್ನಡಕ್ಕೆ ಚೆನ್ನಾಗಿ ಬರುತ್ತದೆ, ಕೈಬರಹಕ್ಕೆ ನಂಬುವಂತಿಲ್ಲ. ಅಂಗಡಿಯಲ್ಲಿ ಫೋನು ಹಿಡಿದಾಗ ಅಕ್ಷರದ ಗಾತ್ರ ದೊಡ್ಡದು ಮಾಡಿ ‘ಸ್ತ್ರೀ’, ‘ರಾಷ್ಟ್ರ’ ಬರೆದು ನೋಡಿ. ಒತ್ತಕ್ಷರದ ಕೆಳಭಾಗ ಸಾಲಿನಡಿ ಕತ್ತರಿಸಿ ಹೋಗದಿದ್ದರೆ ಸರಿ. ಮನೆಯ ಹಿರಿಯರಿಗೆ ಫೋನು ದಾಟಿಸುವ ಯೋಚನೆ ಇದ್ದರೆ ಇದು ದೊಡ್ಡ ಮಾತು.

ಪಿಂಪ್ರಿ ಪಾಳಿ

ಕೋಥ್ರೂಡ್ ಅಕ್ಕಾರ, ಮೌಂಟಿನ ಮಾತು ಬೇಕಾಗಿತ್ತು ನೋಡ್ರಿ. ಈಗ ನನ್ನ ವಾದ: ಡೊಂಬಿವಲಿಯವರಿಗೆ 12ಆರೇ ಸರಿ. ಬ್ಯಾಟರಿ ದೊಡ್ಡದು, ಮೋಡೆಮ್ ಛಲೋ, ಚಾರ್ಜ್ ಲಗೂ, ಹಸಿರು ಗೆರೆಗೆ ಕಂಪನಿನೇ ಜವಾಬ್ದಾರಿ ತಗೊಂಡದ. 207 ಗ್ರಾಂ ಭಾರ ಅಷ್ಟೇ ತಕರಾರು.

ಮುಲುಂಡ್ ವೆಸ್ಟ್

ಪಿಂಪ್ರಿಯವರೇ, ಒಪ್ಪುವುದಿಲ್ಲ. ಅವರು ಕೇಳಿದ್ದು ನಾಲ್ಕು ವರ್ಷ. 12ಆರ್‌ಗೆ ಕಂಪನಿ ಹೇಳಿದ್ದು ಮೂರು ಆಂಡ್ರಾಯ್ಡ್ ಆವೃತ್ತಿ, ನಾಲ್ಕು ವರ್ಷ ಭದ್ರತಾ ಅಪ್‌ಡೇಟು, ಅದೂ 2024ರಿಂದ ಲೆಕ್ಕ. ಅಂದರೆ 2028ಕ್ಕೆ ಮುಗೀತು. ಎ55ಕ್ಕೆ ನಾಲ್ಕು ಆವೃತ್ತಿ, ಐದು ವರ್ಷ ಭದ್ರತೆ, 2029ರ ತನಕ. ಎಸ್24ಕ್ಕೂ 8ಎಗೂ ಏಳು ವರ್ಷ, 2031. ಬ್ಯಾಂಕು, ಯುಪಿಐ ಎಲ್ಲ ಅದರೊಳಗೇ ಇಟ್ಟುಕೊಳ್ಳುವವರು ಭದ್ರತಾ ಅಪ್‌ಡೇಟ್ ನಿಂತ ಫೋನನ್ನು ಜೇಬಲ್ಲಿಟ್ಟು ತಿರುಗುವುದು ಸರಿಯಲ್ಲ. ಇವತ್ತು ಸೆಕೆಂಡ್ ಹ್ಯಾಂಡ್ 12ಆರ್ ತಗೊಂಡ್ರೆ ನಾಲ್ಕು ವರ್ಷ ಎಲ್ಲಿ ಸಿಗ್ತದೆ?

ಸ್ಟೋರೇಜೂ ನೋಡಿ. 12ಆರ್‌ನ 256 ಜಿಬಿಯದ್ದರಲ್ಲಿ ಯುಎಫ್‌ಎಸ್ (ಸ್ಟೋರೇಜಿನ ವೇಗದ ದರ್ಜೆ) 4.0 ಉಂಟು ಎಂದು ಮೊದಲು ಹೇಳಿ, 2024ರ ಫೆಬ್ರವರಿಯಲ್ಲಿ ಅದು 3.1 ಎಂದು ಕಂಪನಿಯೇ ತಿದ್ದಿತು, ಬೇಡವೆಂದವರಿಗೆ ಹಣ ವಾಪಸೂ ಕೊಟ್ಟಿತು. ಹಳೇ ಜಾಹೀರಾತು ನೋಡಿ ಮಾರುವವರು ಇನ್ನೂ 4.0 ಅಂತಾರೆ. ಎಸ್24ರಲ್ಲೂ 128 ಜಿಬಿಗೆ 3.1, 256ಕ್ಕೆ 4.0. ಮೆಮೊರಿ ಕಾರ್ಡ್ ಜಾಗ ಇರುವುದು ಎ55ಕ್ಕೆ ಮಾತ್ರ.

ಪಿಂಪ್ರಿ ಪಾಳಿ

ತಾರೀಖಿನ ಮಾತಿಗೆ ಒಪ್ಪಿದೆ. ಹೊಸ ಬ್ಯಾಟರಿ ಹಾಕಿಸಬಹುದು, ಅಪ್‌ಡೇಟು ಹಾಕಿಸಲಿಕ್ಕೆ ಬರಂಗಿಲ್ಲ. ಹಂಗಾದ್ರ ಎರಡು ವರ್ಷದ ಮಟ್ಟಿಗೆ ಕೊಳ್ಳೋರಿಗೆ 12ಆರ್, ನಾಲ್ಕಕ್ಕ ಬ್ಯಾರೆ.

ಡೊಂಬಿವಲಿ ಈಸ್ಟ್

ಹಾಗಿದ್ದರೆ 8ಎ ಮತ್ತು ಎ55 ನಡುವೆ ನಿಂತಿದ್ದೇನೆ. ಎಸ್24ರ 4000 ಬ್ಯಾಟರಿ ನನ್ನ ದಿನಕ್ಕೆ ಸಾಲದು. ಸೆಕೆಂಡ್ ಹ್ಯಾಂಡ್ ನೋಡುವಾಗ ಏನೇನು ಪರೀಕ್ಷಿಸಬೇಕು, ಬೆಂಚಿನವರು ಹೇಳುತ್ತೀರಾ?

ಲ್ಯಾಮಿಂಗ್ಟನ್ ಬೆಂಚು

ಇಪ್ಪತ್ತು ನಿಮಿಷ ಬೇಕು, ಮಾರುವವರು ಅವಸರ ಮಾಡಿದರೆ ಬಿಟ್ಟುಬಿಡಿ.

ಮೊದಲು *#06# ಒತ್ತಿ ಐಎಂಇಐ, ಅಂದರೆ ಫೋನಿನ ಗುರುತಿನ ಸಂಖ್ಯೆ, ತೆಗೆದು ಡಬ್ಬಿ ಮತ್ತು ಬಿಲ್ಲಿಗೆ ಹೋಲಿಸಿ. ಆಮೇಲೆ ಕೆವೈಎಂ ಎಂದು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು, ಐಎಂಇಐ ಹಾಕಿ 14422ಕ್ಕೆ ಎಸ್‌ಎಂಎಸ್ ಮಾಡಿ. ಸರ್ಕಾರದ ಸಂಚಾರ್ ಸಾಥಿ ತಾಣದಲ್ಲೂ ಅದೇ ನೋಡಬಹುದು. ಕಳುವಾದದ್ದೆಂದು ನಿಷೇಧಿಸಿದ ಫೋನಾದರೆ ಅಲ್ಲೇ ಗೊತ್ತಾಗುತ್ತದೆ.

ಎ55 ಆದರೆ ಮಾಡೆಲ್ ಎಸ್‌ಎಂ-ಎ556ಇ ಇರಬೇಕು, ಭಾರತದ್ದು ಅದು. ಸಾಫ್ಟ್‌ವೇರ್ ಇನ್ಫರ್ಮೇಶನ್‌ನಲ್ಲಿ ಸರ್ವೀಸ್ ಪ್ರೊವೈಡರ್ ಸಾಲಿನಲ್ಲಿ ಐಎನ್‌ಎಸ್ ಎಂಬ ಮೂರಕ್ಷರ ಕಾಣಬೇಕು. ಹೊರದೇಶದ ಸೆಟ್ಟಾದರೆ ಇಲ್ಲಿನ ವಾರಂಟಿ ಕೇಳುವಂತಿಲ್ಲ. *#0*# ಒತ್ತಿದರೆ ಪರೀಕ್ಷೆಯ ಪಟ್ಟಿ ತೆರೆಯುತ್ತದೆ, ಕೆಂಪು, ಹಸಿರು, ನೀಲಿ ಪರದೆ ಒಂದೊಂದಾಗಿ ನೋಡಿ. ಪಿಕ್ಸೆಲ್‌ಗೆ ಬಿಳಿ ಮತ್ತು ಬೂದು ಬಣ್ಣದ ಚಿತ್ರ ತೆರೆದು ಕತ್ತಲಲ್ಲಿ ಬೆಳಕು ಕಡಿಮೆ ಮಾಡಿ ನೋಡಿ. ಕೀಬೋರ್ಡಿನ ನೆರಳು, ಮೇಲಿನ ಗಡಿಯಾರದ ನೆರಳು ಉಳಿದಿದ್ದರೆ ಪರದೆ ಸುಟ್ಟಿದೆ.

ಬ್ಯಾಟರಿ: 8ಎಯಲ್ಲಿ ಸೆಟ್ಟಿಂಗ್ಸ್, ಬ್ಯಾಟರಿ, ಬ್ಯಾಟರಿ ಹೆಲ್ತ್‌ನಲ್ಲಿ ಶೇಕಡಾ ಕಾಣುತ್ತದೆ. ಎಬೌಟ್ ಫೋನ್‌ನ ಬ್ಯಾಟರಿ ಇನ್ಫರ್ಮೇಶನ್‌ನಲ್ಲಿ ಎಷ್ಟು ಸುತ್ತು ಚಾರ್ಜ್ ಆಗಿದೆ ಎಂಬುದೂ ಇದೆ. 8ಎ 1000 ಸುತ್ತಿಗೆ ಶೇ. 80 ಉಳಿಸಿಕೊಳ್ಳಬೇಕು ಎಂದು ಗೂಗಲ್ ಹೇಳುತ್ತದೆ, 8 ಮತ್ತು ಅದಕ್ಕೂ ಹಿಂದಿನವಕ್ಕೆ 800. ಪಿಕ್ಸೆಲ್ ಕೊಳ್ಳುವಾಗ ಮಾಡೆಲ್ ಹೆಸರು ಎರಡು ಸಲ ಓದಿ: 7ಎ ಬ್ಯಾಟರಿ ಉಬ್ಬುವುದಕ್ಕೆ 2025ರ ಏಪ್ರಿಲ್‌ನಲ್ಲಿ ಗೂಗಲ್ ರಿಪೇರಿ ಯೋಜನೆ ತಂದಿತು, 6ಎಗೆ ಅದೇ ಜುಲೈನಲ್ಲಿ 400 ಸುತ್ತು ದಾಟಿದರೆ ಸಾಮರ್ಥ್ಯ ಇಳಿಸುವ ಅಪ್‌ಡೇಟ್ ಕಡ್ಡಾಯ ಮಾಡಿತು. ಅಗ್ಗವೆಂದು ಅವನ್ನು ಹಿಡಿಯಬೇಡಿ. ಎ55ರಲ್ಲಿ ಸ್ಯಾಮ್‌ಸಂಗ್ ಮೆಂಬರ್ಸ್ ಆ್ಯಪಿನ ಫೋನ್ ಡಯಾಗ್ನಾಸ್ಟಿಕ್ಸ್‌ನಲ್ಲಿ ಬ್ಯಾಟರಿ ಸ್ಥಿತಿ ಬರುತ್ತದೆ. ಯಾವುದೇ ಇರಲಿ, ಮೇಜಿನ ಮೇಲೆ ಬೆನ್ನಡಿ ಮಾಡಿ ಇಟ್ಟು ಅಂಚಿನ ಸಂದು ನೋಡಿ. ಒಂದು ಕಡೆ ಉಗುರು ಹೋಗುವಷ್ಟು ಎದ್ದಿದ್ದರೆ ಬ್ಯಾಟರಿ ಉಬ್ಬಿದೆ, ಅಥವಾ ಯಾರೋ ಬಿಚ್ಚಿದ್ದಾರೆ.

ಚಾರ್ಜರ್ ಎರಡೂ ಮಗ್ಗುಲು ಹಾಕಿ ನೋಡಿ. ನಿಮ್ಮ ಎರಡೂ ಸಿಮ್ ಹಾಕಿ ಕರೆ ಮಾಡಿ, ಸ್ಪೀಕರ್, ಮೈಕ್, ಬೆರಳಚ್ಚು. ಕ್ಯಾಮೆರಾದಲ್ಲಿ ಹತ್ತಿರದ ಅಕ್ಷರ, ದೂರದ ಕಟ್ಟಡ ಎರಡಕ್ಕೂ ಫೋಕಸ್. ಕೊನೆಗೆ, ಮಾರುವವರೇ ಎದುರಿಗೆ ತಮ್ಮ ಗೂಗಲ್ ಖಾತೆ ತೆಗೆದು ಸೆಟ್ಟಿಂಗ್ಸಿನೊಳಗಿಂದಲೇ ರೀಸೆಟ್ ಮಾಡಬೇಕು. ಖಾತೆ ತೆಗೆಯದೆ ಬಟನ್ ಒತ್ತಿ ರೀಸೆಟ್ ಮಾಡಿದರೆ ಹಳೆಯ ಪಾಸ್‌ವರ್ಡ್ ಕೇಳುತ್ತಾ ಫೋನು ಬೀಗ ಹಾಕಿಕೊಳ್ಳುತ್ತದೆ.

ಇನ್ನೊಂದು. ಪಿಕ್ಸೆಲ್‌ಗೆ ಸರ್ವೀಸ್ ಸೆಂಟರ್ ಸ್ಯಾಮ್‌ಸಂಗಿನಷ್ಟು ಇಲ್ಲ. ನಿಮ್ಮ ಪಿನ್‌ಕೋಡ್ ಹಾಕಿ ಎಲ್ಲಿದೆ ನೋಡಿ ಆಮೇಲೆ ಹಣ ಕೊಡಿ. ಡೊಂಬಿವಲಿ, ಕಲ್ಯಾಣ ಕಡೆಗೆ ಎ55ರ ಬಿಡಿಭಾಗ ಸಲೀಸು.

ಡೊಂಬಿವಲಿ ಈಸ್ಟ್

ಸಿಗ್ನಲ್, 5000 ಬ್ಯಾಟರಿ, ಹತ್ತಿರದ ಸರ್ವೀಸ್, ಮೆಮೊರಿ ಕಾರ್ಡ್, ಇವನ್ನೆಲ್ಲ ನೋಡಿ ಎ55ರ ಕಡೆಗೆ ವಾಲಿದ್ದೇನೆ. ಕ್ಯಾಮೆರಾದಲ್ಲಿ 8ಎ ಮೇಲು, ಎ55ರ ಭದ್ರತಾ ಅಪ್‌ಡೇಟು 2029ರ ತನಕ ಮಾತ್ರ ಎಂದು ಗೊತ್ತಿದ್ದೂ. ತಂದ ಮೊದಲ ದಿನ ಏನು ಸೆಟ್ ಮಾಡಿದರೆ ಬ್ಯಾಟರಿ ಹೆಚ್ಚು ದಿನ ಬರುತ್ತದೆ?

ಮುಲುಂಡ್ ವೆಸ್ಟ್

ಸೆಟ್ಟಿಂಗ್ಸ್, ಬ್ಯಾಟರಿ, ಬ್ಯಾಟರಿ ಪ್ರೊಟೆಕ್ಷನ್‌ಗೆ ಹೋಗಿ. ಸ್ಯಾಮ್‌ಸಂಗ್‌ನ ಸಾಫ್ಟ್‌ವೇರ್ ವನ್ ಯುಐ 6.1ರಲ್ಲಿ ಮ್ಯಾಕ್ಸಿಮಮ್ ಇಟ್ಟರೆ 80ಕ್ಕೆ ನಿಲ್ತದೆ, ವನ್ ಯುಐ 7 ಬಂದ ಮೇಲೆ 80, 85, 90, 95 ಎಂದು ಆರಿಸಬಹುದು. ನಿಮ್ಮ ದಿನ ಉದ್ದ, ಹಾಗಾಗಿ ವಾರದ ದಿನ 90 ಇಡಿ, ಮನೆಯಲ್ಲಿರುವ ದಿನ 80. ಕೆಳಗೆ 20ಕ್ಕಿಂತ ಇಳಿಯಲು ಬಿಡ್ಬೇಡಿ.

ಬ್ಯಾಕ್‌ಗ್ರೌಂಡ್ ಯೂಸೇಜ್ ಲಿಮಿಟ್ಸ್‌ನಲ್ಲಿ ನೆವರ್ ಸ್ಲೀಪಿಂಗ್ ಆ್ಯಪ್ಸ್‌ಗೆ ವಾಟ್ಸಾಪ್, ನಿಮ್ಮ ಬ್ಯಾಂಕಿನ ಆ್ಯಪು, ರೈಲ್ವೆ ಟಿಕೆಟ್ಟಿನ ರೈಲ್‌ವನ್ ಆ್ಯಪು, ಈ ಮೂರನ್ನು ಸೇರಿಸಿ. ಇಲ್ಲದಿದ್ದರೆ ಕೆಲವು ದಿನ ತೆರೆಯದ ಆ್ಯಪನ್ನು ಸ್ಯಾಮ್‌ಸಂಗ್ ಮಲಗಿಸಿಬಿಡ್ತದೆ, ಹಣ ಕಡಿತದ ಸಂದೇಶ ತಡವಾಗಿ ಬರ್ತದೆ. ಮತ್ತೆ ಪಿಪಿಎಸ್ ಇರುವ 25 ವ್ಯಾಟ್ ಚಾರ್ಜರ್ ಫೋನಿನ ಜೊತೆಗೇ ತಗೊಳ್ಳಿ, ಪಿಂಪ್ರಿಯವರು ಹೇಳಿದ ಹಾಗೆ ಬೆನ್ನಿನ ಅಕ್ಷರ ಓದಿ.